ನಾಟಕದ ವಿಡಿಯೋ: ಬಾರ್ ಎಳೆದರೆ ಚಿತ್ರ ನಿಲ್ಲುತ್ತದೆ, ಹಾರ್ಮೋನಿಯಂ ಮಾತ್ರ ಕೇಳಿಸುತ್ತದೆ

ಗುಬ್ಬಿ ಹುಡುಗ

ಎಲ್ಲರಿಗೂ ನಮಸ್ಕಾರ. ನಮ್ಮೂರಲ್ಲಿ (ಗುಬ್ಬಿ ತಾಲ್ಲೂಕು) ಈ ಸಲ ಹಬ್ಬಕ್ಕೆ ಪೌರಾಣಿಕ ನಾಟಕ ಆಡಿದರು. ರಾತ್ರಿ ಶುರುವಾಗಿ ಬೆಳಗಿನ ಜಾವದವರೆಗೂ ನಡೆಯಿತು. ನಮ್ಮ ಸೋದರಮಾವನದು ದುರ್ಯೋಧನನ ಪಾರ್ಟು. ಸ್ಟುಡಿಯೋದವರು ವಿಡಿಯೋ ತೆಗೆದು ಒಂದೇ ಎಂಪಿ4 ಫೈಲ್ ಮಾಡಿ ಪೆನ್‌ಡ್ರೈವ್‌ನಲ್ಲಿ ಕೊಟ್ಟಿದ್ದಾರೆ. ಏಳು ಗಂಟೆ ಇದೆ, ಸೈಜ್ 3.6 ಜಿಬಿ.

ಮೊದಲಿಂದ ಸುಮ್ನೆ ನೋಡುತ್ತಾ ಹೋದರೆ ಏನೂ ತೊಂದರೆ ಇಲ್ಲ. ಆದರೆ ಯಾರು ಏಳು ಗಂಟೆ ಕೂರುತ್ತಾರೆ? ಮಾವನ ಪದ್ಯ ಬರುವ ಕಡೆಗೆ ಬಾರ್ ಎಳೆದರೆ ಚಿತ್ರ ಅಲ್ಲೇ ನಿಂತುಬಿಡುತ್ತದೆ. ಹಾರ್ಮೋನಿಯಂ, ತಬಲಾ, ಮಾವನ ದನಿ ಎಲ್ಲಾ ಕೇಳಿಸುತ್ತದೆ. ಚಿತ್ರ ಮಾತ್ರ ಆಮೇಲೆ ಯಾವಾಗಲೋ ಓಡೋಡಿ ಬಂದು ಸೇರಿಕೊಳ್ಳುತ್ತದೆ. ಕೆಲವು ಸಲ ಬೂದು, ಹಸಿರು ಚೌಕಗಳು ಬರುತ್ತವೆ. ವಿಎಲ್‌ಸಿ, ಎಂಪಿಸಿ ಎಚ್‌ಸಿ, ಎಂಪಿವಿ, ಈ ಮೂರು ಪ್ಲೇಯರ್‌ಗಳಲ್ಲೂ ನೋಡಿದೆ. ಎಲ್ಲದರಲ್ಲೂ ಇದೇ ಕಥೆ.

ಕಂಪ್ಯೂಟರ್ ಹಳೆಯದು. 4ನೇ ತಲೆಮಾರಿನ ಐ3, 8 ಜಿಬಿ ರ‍್ಯಾಮ್. ಆದರೆ ಒಂದು ವಿಚಿತ್ರ ನೋಡಿ. ಇದೇ ಕಂಪ್ಯೂಟರ್‌ನಲ್ಲಿ ಹಳೇ ನಾಟಕದ ಮಿನಿ ಡಿವಿ ಕ್ಯಾಸೆಟ್‌ನಿಂದ ಇಳಿಸಿಕೊಂಡ ಎವಿಐ ಫೈಲ್ ಇದೆ. ಗಂಟೆಗೆ 13 ಜಿಬಿ! ಅದರಲ್ಲಿ ಎಲ್ಲಿ ಕ್ಲಿಕ್ ಮಾಡಿದರೂ ಚಕ್ ಅಂತ ಹೋಗುತ್ತದೆ. ದೊಡ್ಡ ಫೈಲ್ ಓಡುತ್ತದೆ, ಚಿಕ್ಕದು ನಿಲ್ಲುತ್ತದೆ. ಇದು ಹೇಗೆ?

ತಿಪಟೂರು ಕೊಬ್ಬರಿ

ವಿಎಲ್‌ಸಿ ತೆಗೆದು ಮತ್ತೆ ಹಾಕಿ ಬ್ರದರ್. ಜೊತೆಗೆ ಕೆ ಲೈಟ್ ಕೋಡೆಕ್ ಪ್ಯಾಕ್ ಹಾಕಿಬಿಡಿ. ಸೆಟ್ಟಿಂಗ್ಸ್‌ನಲ್ಲಿ ಫೈಲ್ ಕ್ಯಾಶಿಂಗ್ 5000 ಮಾಡಿ. ಯೂಟ್ಯೂಬ್‌ನಲ್ಲಿ ಎಲ್ಲರೂ ಇದನ್ನೇ ಹೇಳುತ್ತಾರೆ.

ಬಂಗಾರಪೇಟೆ ಲಿನಕ್ಸ್

ಎಲ್ಲರೂ ಹೇಳುತ್ತಾರೆ, ಅದೇ ತೊಂದರೆ. ವಿಎಲ್‌ಸಿ ತನ್ನ ಡಿಕೋಡರ್‌ಗಳನ್ನು (ಹಿಂಡಿದ ವಿಡಿಯೋವನ್ನು ಬಿಡಿಸುವ ಭಾಗಗಳು) ತಾನೇ ಹೊತ್ತು ತರುತ್ತದೆ. ವಿಂಡೋಸ್‌ಗೆ ಯಾವ ಕೋಡೆಕ್ ಪ್ಯಾಕ್ ಹಾಕಿದರೂ ಅದು ತಿರುಗಿಯೂ ನೋಡುವುದಿಲ್ಲ. ಕ್ಯಾಶಿಂಗ್ ಅಂದರೆ ಮುಂದೆ ಬರುವುದನ್ನು ಮೊದಲೇ ಓದಿ ಇಟ್ಟುಕೊಳ್ಳುವುದು. ನೀವು ಬಾರ್ ಎಳೆದ ಕೂಡಲೇ ಆ ಓದಿಟ್ಟದ್ದು ಕಸಕ್ಕೆ ಹೋಗುತ್ತದೆ, ಮತ್ತೆ ಹೊಸದಾಗಿ ತುಂಬಬೇಕು. 5000 ಮಿಲಿಸೆಕೆಂಡ್ ಇಟ್ಟರೆ ಎಳೆದಾಗ ಕಾಯುವುದು ಇನ್ನೂ ಜಾಸ್ತಿ ಆಗಬಹುದು. ನೆಟ್‌ವರ್ಕ್‌ನಲ್ಲಿ ನೋಡುವಾಗ ಮಧ್ಯೆ ಮಧ್ಯೆ ತಡವರಿಸಿದರೆ ಕ್ಯಾಶಿಂಗ್ ಹೆಚ್ಚಿಸಿ, ಸರಿ. ಇಲ್ಲಿ ಅದು ಔಷಧಿ ಅಲ್ಲ.

ಗುಬ್ಬಿ ತಮ್ಮಾ, ನಿಮ್ಮ ಡಿವಿ ಫೈಲಿನ ಮಾತೇ ಒಳ್ಳೇ ಸುಳಿವು. ಮೀಡಿಯಾಇನ್ಫೋ ಅಂತ ಒಂದು ಉಚಿತ ಸಾಫ್ಟ್‌ವೇರ್ ಇದೆ. ಹೊಸ ಫೈಲನ್ನು ಅದರಲ್ಲಿ ತೆರೆದು ವಿಡಿಯೋ ಭಾಗದಲ್ಲಿ ಏನಿದೆ ಹೇಳಿ. ಅದರಲ್ಲೂ 'ಎನ್‌ಕೋಡಿಂಗ್ ಸೆಟ್ಟಿಂಗ್ಸ್' ಅನ್ನೋ ಉದ್ದನೆಯ ಸಾಲು ಬೇಕು.

ಇನ್ನೊಂದು, ಫೈಲನ್ನು ಪೆನ್‌ಡ್ರೈವ್‌ನಿಂದಲೇ ಓಡಿಸುತ್ತಿದ್ದೀರಾ? ಮೊದಲು ಹಾರ್ಡ್‌ಡಿಸ್ಕ್‌ಗೆ ಕಾಪಿ ಮಾಡಿ ನೋಡಿ.

ಗುಬ್ಬಿ ಹುಡುಗ

ಕಾಪಿ ಮಾಡಿಯೂ ನೋಡಿದೆ ಸಾರ್, ಏನೂ ಬದಲಾಗಲಿಲ್ಲ.

ಮೀಡಿಯಾಇನ್ಫೋ ಹೀಗೆ ಹೇಳುತ್ತದೆ. ಫಾರ್ಮ್ಯಾಟ್ ಎಚ್‌ಇವಿಸಿ. 1920×1080. 25 ಫ್ರೇಮ್, ಕಾನ್‌ಸ್ಟಂಟ್. ಎನ್‌ಕೋಡಿಂಗ್ ಲೈಬ್ರರಿ ಎಕ್ಸ್265. ಸೆಟ್ಟಿಂಗ್ಸ್ ಸಾಲು ಮೈಲುದ್ದ ಇದೆ, ಅದರಲ್ಲಿ ಕೀಇಂಟ್ 600, ಓಪನ್ ಜಿಒಪಿ ಅಂತೆಲ್ಲಾ ಇದೆ. ಬೇರೆ ಏನು ನೋಡಬೇಕು?

ಬಂಗಾರಪೇಟೆ ಲಿನಕ್ಸ್

ಬೇರೆ ಏನೂ ಬೇಡ. ಕಳ್ಳ ಸಿಕ್ಕಿದ. ಎಚ್‌ಇವಿಸಿ ಅಂದರೆ ವಿಡಿಯೋ ಹಿಂಡುವ ಒಂದು ವಿಧಾನ, ಎಕ್ಸ್265 ಹಾಗೆ ಹಿಂಡುವ ಎನ್‌ಕೋಡರ್.

ವಿಡಿಯೋದಲ್ಲಿ ಎಲ್ಲಾ ಫ್ರೇಮೂ ಪೂರ್ತಿ ಚಿತ್ರ ಅಲ್ಲ. ಆಗೊಂದು ಈಗೊಂದು ಮಾತ್ರ ಪೂರ್ತಿ ಚಿತ್ರ. ಅದಕ್ಕೆ ಐ ಫ್ರೇಮ್ ಅಥವಾ ಕೀಫ್ರೇಮ್ ಅನ್ನುತ್ತಾರೆ. ನಡುವೆ ಬರುವ ಪಿ ಮತ್ತು ಬಿ ಫ್ರೇಮ್‌ಗಳಲ್ಲಿ 'ಅಕ್ಕಪಕ್ಕದ ಫ್ರೇಮಿಗಿಂತ ಏನು ಬದಲಾಯಿತು' ಅನ್ನುವುದು ಮಾತ್ರ ಇರುತ್ತದೆ. ಅಂಗಡಿಯ ಲೆಕ್ಕದ ಪುಸ್ತಕ ಇದ್ದ ಹಾಗೆ. ಪುಟದ ಕೊನೆಗೊಂದು ಮೊತ್ತ ಬರೆದಿರುತ್ತಾರೆ. ನಡುವಿನ ಯಾವುದೋ ಸಾಲಿಗೆ ಕೈಯಲ್ಲಿ ಎಷ್ಟಿತ್ತು ಅಂತ ಬೇಕಾದರೆ, ಹಿಂದಿನ ಮೊತ್ತದಿಂದ ಒಂದೊಂದೇ ಕೂಡಿ ಕಳೆದು ಬರಬೇಕು.

ಕೀಇಂಟ್ 600 ಅಂದರೆ ಎರಡು ಕೀಫ್ರೇಮ್ ನಡುವೆ 600 ಫ್ರೇಮ್‌ವರೆಗೆ ಅಂತರ ಬಿಡಬಹುದು ಅಂತ. ಸೆಕೆಂಡಿಗೆ 25 ಫ್ರೇಮ್ ಆದರೆ 24 ಸೆಕೆಂಡ್. ನೀವು ಎಳೆದು ಬಿಟ್ಟ ಜಾಗ ಆ 24 ಸೆಕೆಂಡಿನ ಕೊನೆಯಲ್ಲಿದ್ದರೆ, ಪ್ಲೇಯರ್ ಹಿಂದಿನ ಕೀಫ್ರೇಮ್‌ಗೆ ಹೋಗಿ ಹೆಚ್ಚುಕಮ್ಮಿ 600 ಫ್ರೇಮ್ ಬಿಡಿಸಬೇಕು. ಆಮೇಲೇ ನಿಮಗೆ ತೋರಿಸಲು ಸಾಧ್ಯ. ನಿಮ್ಮ ಐ3 ಸೆಕೆಂಡಿಗೆ 100 ಫ್ರೇಮ್ ಬಿಡಿಸುತ್ತದೆ ಅಂತಲೇ ಇಟ್ಟುಕೊಳ್ಳಿ, ಆದರೂ ಆರು ಸೆಕೆಂಡ್ ಬೇಕು. ಆಡಿಯೋಗೆ ಈ ಗೋಳಿಲ್ಲ. ಅದರ ತುಣುಕುಗಳು ಚಿಕ್ಕವು, ಎಲ್ಲಿಂದ ಬೇಕಾದರೂ ಶುರು ಮಾಡಬಹುದು. ಅದಕ್ಕೇ ಹಾರ್ಮೋನಿಯಂ ಮೊದಲು, ಚಿತ್ರ ಆಮೇಲೆ.

ಡಿವಿ ಯಾಕೆ ಚಕ್ ಅಂತ ಹೋಗುತ್ತದೆ ಅಂದರೆ, ಅದರಲ್ಲಿ ಪ್ರತಿಯೊಂದು ಫ್ರೇಮೂ ಪೂರ್ತಿ ಚಿತ್ರ. ಗಂಟೆಗೆ 13 ಜಿಬಿ ಆಗುವುದೂ ಅದಕ್ಕೇ. ಅಳತೆಯೂ ಚಿಕ್ಕದು, 720×576.

ಚಿಂತಾಮಣಿ ಟೊಮ್ಯಾಟೊ

ಸಾರ್ ಒಂದು ಡೌಟು. ಎಕ್ಸ್264 (ಹಳೇ ಎಚ್264 ವಿಧಾನದ ಎನ್‌ಕೋಡರ್), ಎಕ್ಸ್265 ಎರಡರಲ್ಲೂ ಏನೂ ಮುಟ್ಟದಿದ್ದರೆ ಕೀಇಂಟ್ 250 ಇರುತ್ತದೆ, ಅಂದರೆ 10 ಸೆಕೆಂಡ್. ಆ ರೀತಿಯ ಸಿನಿಮಾ ಫೈಲ್‌ಗಳು ನನ್ನ ಹತ್ತಿರ ರಾಶಿ ಇವೆ. ನನ್ನದೂ ಡಬ್ಬಾ ಕಂಪ್ಯೂಟರೇ. ಅವು ಒಂದೂ ಹೀಗೆ ನಿಲ್ಲುವುದಿಲ್ಲ. ಹಾಗಾದರೆ ಕೀಫ್ರೇಮ್ ಅಂತರವೇ ಕಾರಣ ಅನ್ನುವುದು ಹೇಗೆ?

ಬಂಗಾರಪೇಟೆ ಲಿನಕ್ಸ್

ಒಳ್ಳೇ ಪ್ರಶ್ನೆ. 250, 600 ಅನ್ನುವುದು ಗರಿಷ್ಠ ಮಿತಿ. ಅದಕ್ಕೆ ಮೊದಲೇ ದೃಶ್ಯ ಬದಲಾದರೆ ಎನ್‌ಕೋಡರ್ ಅದನ್ನು ಗುರುತಿಸಿ ತಾನೇ ಹೊಸ ಕೀಫ್ರೇಮ್ ಹಾಕುತ್ತದೆ. ಇದಕ್ಕೆ ಸೀನ್‌ಕಟ್ ಅನ್ನುತ್ತಾರೆ. ಸಿನಿಮಾದಲ್ಲಿ ಕೆಲವೇ ಸೆಕೆಂಡಿಗೊಂದು ಕಟ್. ಹೀರೋ ಮುಖ, ವಿಲನ್ ಮುಖ, ಬೀಳುವ ಕಾರು. ಹಾಗಾಗಿ ಮಿತಿ ಎಷ್ಟೇ ಇಟ್ಟಿದ್ದರೂ ಕೀಫ್ರೇಮ್‌ಗಳು ಒತ್ತೊತ್ತಾಗಿ ಬಿದ್ದಿರುತ್ತವೆ.

ಹಳ್ಳಿ ನಾಟಕಕ್ಕೆ ಏನು ಮಾಡುತ್ತಾರೆ? ಟ್ರೈಪಾಡ್ ಮೇಲೆ ಒಂದು ಕ್ಯಾಮೆರಾ. ಎದುರಿಗೆ ಸ್ಟೇಜು. ರಾತ್ರಿಯಿಡೀ ಅದೇ ಫ್ರೇಮು. ಕಟ್ ಎಲ್ಲಿಂದ ಬರಬೇಕು? ದುರ್ಯೋಧನ ಒಂದು ಪದ್ಯವನ್ನು ಹತ್ತು ನಿಮಿಷ ಎಳೆದು ಹಾಡಿದರೆ, ಜನ 'ಒನ್ಸ್ ಮೋರ್' ಅಂದರೆ, ಇನ್ನೂ ಹತ್ತು ನಿಮಿಷ. ಅಷ್ಟು ಹೊತ್ತೂ ಎನ್‌ಕೋಡರ್‌ಗೆ ಒಂದೇ ದೃಶ್ಯ. ಹಾಗಾಗಿ ಪ್ರತಿ ಸಲವೂ ಮಿತಿಯ ಕೊನೆವರೆಗೂ ಹೋಗಿಯೇ ಕೀಫ್ರೇಮ್ ಹಾಕುತ್ತದೆ. ಒಂದೇ ಸೆಟ್ಟಿಂಗ್, ಸಿನಿಮಾಗೆ ಬಾಧೆ ಇಲ್ಲ, ನಾಟಕಕ್ಕೆ ಗ್ರಹಚಾರ. ಹರಿಕಥೆ, ಸಂಗೀತ ಕಚೇರಿ, ಕಾಲೇಜಿನ ಪಾಠದ ವಿಡಿಯೋ, ಎಲ್ಲದಕ್ಕೂ ಇದೇ ಅನ್ವಯ.

ಹೊರಪೇಟೆ ಕ್ಯಾಮೆರಾ

ನಾನು ತುಮಕೂರಿನಲ್ಲಿ ಮದುವೆ, ನಾಮಕರಣ ಶೂಟ್ ಮಾಡುವವಳು, ಎಡಿಟಿಂಗೂ ನಾನೇ. 3.6 ಜಿಬಿ ಅಂದ ತಕ್ಷಣ ನನಗೆ ಅರ್ಥವಾಯಿತು. ಅಂಗಡಿಯಲ್ಲಿ ಸಿಗುವ ಎಷ್ಟೋ ಪೆನ್‌ಡ್ರೈವ್‌ಗಳು ಫ್ಯಾಟ್32ನಲ್ಲಿ ಬರುತ್ತವೆ. ಆ ಫಾರ್ಮ್ಯಾಟ್‌ನಲ್ಲಿ 4 ಜಿಬಿ ಮುಟ್ಟುವ ಒಂದೇ ಫೈಲ್ ಹಿಡಿಸುವುದಿಲ್ಲ. ಗಿರಾಕಿಗಳಿಗೆ ಒಂದೇ ಫೈಲ್ ಬೇಕು, ಟಿವಿಗೆ ಚುಚ್ಚಿದರೆ ಓಡಬೇಕು. ಆಗ ಏಳು ಗಂಟೆಯನ್ನು ಹಿಂಡಿ ಹಿಂಡಿ 4 ಜಿಬಿ ಒಳಗೆ ತರುತ್ತಾರೆ. ಕೀಫ್ರೇಮ್ ಜಾಗ ತಿನ್ನುತ್ತದೆ ಅಂತ ಅದರ ಅಂತರವನ್ನೂ ಉದ್ದ ಮಾಡಿರುತ್ತಾರೆ.

ತಮ್ಮಾ, ಆ ಸ್ಟುಡಿಯೋದವರ ಹತ್ತಿರ ಕ್ಯಾಮೆರಾದ ಮೂಲ ಕ್ಲಿಪ್‌ಗಳು ಇನ್ನೂ ಇವೆಯಾ ಕೇಳು. ಬೇಗ ಕೇಳು. ಮದುವೆ ಸೀಸನ್ ಬಂದರೆ ಕಾರ್ಡು, ಡಿಸ್ಕು ಎಲ್ಲಾ ಫಾರ್ಮ್ಯಾಟ್ ಆಗಿಹೋಗುತ್ತದೆ.

ತಿಪಟೂರು ಕೊಬ್ಬರಿ

ಅದೆಲ್ಲಾ ಸರಿ. ಆದರೆ ಇದೇ ತರದ ಫೈಲ್ ನನ್ನ ತಂಗಿ ಲ್ಯಾಪ್‌ಟಾಪ್‌ನಲ್ಲಿ ಇಷ್ಟೊಂದು ಒದ್ದಾಡುವುದಿಲ್ಲವಲ್ಲ?

ಬಂಗಾರಪೇಟೆ ಲಿನಕ್ಸ್

ಅದು ಹೊಸ ಲ್ಯಾಪ್‌ಟಾಪ್ ಇರಬೇಕು. ಎಚ್‌ಇವಿಸಿ 2013ರಲ್ಲಿ ಬಂದದ್ದು. ಇಂಟೆಲ್ ಚಿಪ್‌ಗಳಲ್ಲಿ ಅದನ್ನು ಪೂರ್ತಿ ಹಾರ್ಡ್‌ವೇರ್‌ನಲ್ಲೇ ಬಿಡಿಸುವ ಭಾಗ ಬಂದಿದ್ದು 2015ರ 6ನೇ ತಲೆಮಾರಿನಿಂದ. ಗುಬ್ಬಿಯವರ 4ನೇ ತಲೆಮಾರಿನಲ್ಲಿ ಅದಿಲ್ಲ, ಎಲ್ಲಾ ಭಾರ ಸಿಪಿಯು ಮೇಲೆ. ತಂಗಿಯವರದರಲ್ಲೂ 600 ಫ್ರೇಮ್ ಬಿಡಿಸಲೇಬೇಕು. ಬೇಗ ಬಿಡಿಸುತ್ತದೆ, ಅಷ್ಟೇ.

ಹಸಿರು, ಬೂದು ಚೌಕದ ವಿಷಯ ಬೇರೆ. ಜಿಒಪಿ ಅಂದರೆ ಒಂದು ಕೀಫ್ರೇಮಿನಿಂದ ಮುಂದಿನದರವರೆಗಿನ ಫ್ರೇಮ್‌ಗಳ ಗುಂಪು. ಓಪನ್ ಜಿಒಪಿ ಇದ್ದರೆ ಕೀಫ್ರೇಮ್ ಆದಮೇಲೆ ಬರುವ ಕೆಲವು ಫ್ರೇಮ್‌ಗಳನ್ನು ಅದಕ್ಕೂ ಹಿಂದಿನ ಗುಂಪಿನ ಚಿತ್ರವನ್ನು ನೋಡಿಕೊಂಡು ಬರೆದಿರುತ್ತಾರೆ. ನೀವು ನೇರ ಕೀಫ್ರೇಮ್‌ಗೇ ಹಾರಿ ಬಂದಾಗ ಆ ಹಿಂದಿನ ಚಿತ್ರ ಕೈಯಲ್ಲಿ ಇರುವುದಿಲ್ಲ. ಅಂಥ ಫ್ರೇಮ್‌ಗಳನ್ನು ಪ್ಲೇಯರ್ ಬಿಟ್ಟುಬಿಡಬೇಕು. ಬಿಡದೆ ತೋರಿಸಿದರೆ ಚೌಕಗಳು. ಗ್ರಾಫಿಕ್ಸ್ ಡ್ರೈವರ್ ಹಳೆಯದಿದ್ದರೂ ಹೀಗೆ ಆಗುತ್ತದೆ. ಯಾವುದು ಅಂತ ತಿಳಿಯಲು ವಿಎಲ್‌ಸಿಯ ಟೂಲ್ಸ್, ಪ್ರಿಫರೆನ್ಸಸ್, ಇನ್‌ಪುಟ್ ಕೋಡೆಕ್ಸ್‌ಗೆ ಹೋಗಿ ಹಾರ್ಡ್‌ವೇರ್ ಡಿಕೋಡಿಂಗ್ ಡಿಸೇಬಲ್ ಮಾಡಿ. ಪ್ಲೇಯರ್ ಮುಚ್ಚಿ ಮತ್ತೆ ತೆರೆಯಿರಿ. ಚೌಕ ಹೋದರೆ ಡ್ರೈವರ್ ಕಡೆ ನೋಡಿ. ಹೋಗದಿದ್ದರೆ ಫೈಲೇ ಹಾಗಿದೆ.

ಗುಬ್ಬಿ ಹುಡುಗ

ಡಿಸೇಬಲ್ ಮಾಡಿದರೂ ಚೌಕ ಇದೆ ಸಾರ್. ಹಾಗಾದರೆ ಫೈಲೇ. ಸ್ಟುಡಿಯೋಗೆ ಫೋನ್ ಮಾಡಿದ್ದೇನೆ, ಹುಡುಕಿ ಹೇಳುತ್ತೇವೆ ಅಂದರು. ಅಲ್ಲಿವರೆಗೆ ಈ ಫೈಲನ್ನೇ ಹೇಗಾದರೂ ನೋಡುವಂತೆ ಮಾಡಬಹುದಾ? ಎಂಕೆವಿ ಮಾಡಿಬಿಟ್ಟರೆ ಸರಿಹೋಗುತ್ತದೆ ಅಂತ ಒಬ್ಬರು ಹೇಳಿದರು.

ಬಂಗಾರಪೇಟೆ ಲಿನಕ್ಸ್

ಸುಮ್ನೆ ಎಂಪಿ4ನಿಂದ ಎಂಕೆವಿಗೆ ಬದಲಾಯಿಸಿದರೆ ಡಬ್ಬಿ ಬದಲಾಗುತ್ತದೆ, ಒಳಗಿನ ಫ್ರೇಮ್‌ಗಳು ಅವೇ ಇರುತ್ತವೆ. ಇಂಡೆಕ್ಸ್ (ಯಾವ ಫ್ರೇಮ್ ಎಲ್ಲಿದೆ ಅನ್ನುವ ಪಟ್ಟಿ) ಕೆಟ್ಟಿದ್ದರೆ ಅದರಿಂದ ಉಪಯೋಗ ಇದೆ. ಕೀಫ್ರೇಮ್ ಅಂತರಕ್ಕೆ ಇಲ್ಲ. ನಿಮ್ಮ ಮುಂದೆ ಎರಡು ದಾರಿ.

ಸುಲಭದ್ದು ಫಾಸ್ಟ್ ಸೀಕ್. ವಿಎಲ್‌ಸಿ ಪ್ರಿಫರೆನ್ಸಸ್‌ನಲ್ಲಿ ಎಡಗಡೆ ಕೆಳಗೆ 'ಆಲ್' ಒತ್ತಿ, ಇನ್‌ಪುಟ್ ಕೋಡೆಕ್ಸ್‌ನಲ್ಲಿ ಫಾಸ್ಟ್ ಸೀಕ್‌ಗೆ ಟಿಕ್ ಹಾಕಿ. ಎಂಪಿಸಿ ಎಚ್‌ಸಿಯಲ್ಲಿ ಟ್ವೀಕ್ಸ್ ಪುಟದಲ್ಲಿ ಇದೆ. ಆಗ ಪ್ಲೇಯರ್ ನೀವು ಹೇಳಿದ ಜಾಗದ ಹತ್ತಿರದ ಕೀಫ್ರೇಮ್‌ಗೆ ಹೋಗಿ ಅಲ್ಲಿಂದಲೇ ಶುರು ಮಾಡುತ್ತದೆ. ಕಾಯುವುದಿಲ್ಲ. ಆದರೆ ಬೇಕಾದ ಜಾಗಕ್ಕಿಂತ ಕೆಲವು ಸೆಕೆಂಡ್ ಹಿಂದೆ ಮುಂದೆ ಬೀಳುತ್ತೀರಿ. ಬಾಣದ ಕೀಲಿಯಲ್ಲಿ ಸ್ವಲ್ಪ ಮುಂದೆ ಹೋಗೋಣ ಅಂತ ಒತ್ತಿದರೆ ಅದೇ ಕೀಫ್ರೇಮ್‌ಗೆ ವಾಪಸ್ ಬಂದು ತಲೆ ಕೆಡಿಸಬಹುದು, ಗೊತ್ತಿರಲಿ. ಎಂಪಿವಿಯಲ್ಲಿ ಬರೀ ಬಾಣ ಒತ್ತಿದರೆ ಕೀಫ್ರೇಮ್‌ಗೆ, ಶಿಫ್ಟ್ ಜೊತೆ ಬಾಣ ಒತ್ತಿದರೆ ಕರಾರುವಾಕ್ಕಾದ ಜಾಗಕ್ಕೆ. ನನಗೆ ಆ ಏರ್ಪಾಡೇ ಇಷ್ಟ.

ಎರಡನೆಯದು ಮತ್ತೆ ಎನ್‌ಕೋಡ್ ಮಾಡುವುದು. ಹ್ಯಾಂಡ್‌ಬ್ರೇಕ್ ಅನ್ನುವ ಸಾಫ್ಟ್‌ವೇರ್‌ನಲ್ಲಿ ಎಕ್ಸ್264 ಆರಿಸಿ, ಕ್ವಾಲಿಟಿ 22ರ ಹತ್ತಿರ, ವಿಡಿಯೋ ಪುಟದ ಹೆಚ್ಚುವರಿ ಆಪ್ಷನ್ ಪೆಟ್ಟಿಗೆಯಲ್ಲಿ ಕೀಇಂಟ್ 50 ಅಂತ ಕೊಡಿ. ಎರಡು ಸೆಕೆಂಡಿಗೊಂದು ಕೀಫ್ರೇಮ್ ಬರುತ್ತದೆ. ಫೈಲ್ ದೊಡ್ಡದಾಗುತ್ತದೆ, ನಿಮ್ಮ ಐ3 ರಾತ್ರಿಯೆಲ್ಲಾ ದುಡಿಯುತ್ತದೆ. ಹಿಂಡಿದ್ದನ್ನು ಮತ್ತೆ ಹಿಂಡಿದರೆ ಚಿತ್ರ ಇನ್ನಷ್ಟು ಮಸುಕು. ಮೂಲ ಕ್ಲಿಪ್ ಸಿಗಲೇ ಇಲ್ಲ ಅಂದರೆ ಮಾತ್ರ ಇದಕ್ಕೆ ಕೈಹಾಕಿ.

ಶಿಡ್ಲಘಟ್ಟ ರೀಲಿಂಗ್

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಬೇಜಾರಾಗಬೇಡಿ. ನಮ್ಮ ರೇಷ್ಮೆ ರೀಲಿಂಗ್ ಘಟಕದಲ್ಲಿ ಸಿಸಿಟಿವಿ ಇದೆ. ಗೂಡಿನ ಮೂಟೆ ಇಳಿಸಿದ ಹೊತ್ತಿನ ದೃಶ್ಯ ಬೇಕಾಗಿ ಡಿವಿಆರ್‌ನಿಂದ (ಸಿಸಿಟಿವಿ ರೆಕಾರ್ಡ್ ಮಾಡುವ ಪೆಟ್ಟಿಗೆ) ಬ್ಯಾಕಪ್ ತೆಗೆದೆ. ಫೈಲ್ ಮೊದಲಿಂದ ಓಡುತ್ತದೆ. ಬಾರ್ ಎಳೆದರೆ ಅಲ್ಲಾಡುವುದೇ ಇಲ್ಲ, ಇಲ್ಲವೇ ಮತ್ತೆ ಮೊದಲಿಗೆ ಬರುತ್ತದೆ. ಒಟ್ಟು ಸಮಯವೂ ತಪ್ಪಾಗಿ ತೋರಿಸುತ್ತದೆ. ಇದೂ ಕೀಫ್ರೇಮ್ ತೊಂದರೆನಾ?

ಬಂಗಾರಪೇಟೆ ಲಿನಕ್ಸ್

ಅಲ್ಲ, ಇದು ಬೇರೆ ಕಾಯಿಲೆ. ಗುಬ್ಬಿಯವರ ಫೈಲ್ ಬೇಕಾದ ಜಾಗಕ್ಕೆ ಹೋಗುತ್ತದೆ, ತಡವಾಗಿ ತೋರಿಸುತ್ತದೆ. ನಿಮ್ಮದಕ್ಕೆ ಜಾಗ ಎಲ್ಲಿದೆ ಅನ್ನುವುದೇ ಗೊತ್ತಿಲ್ಲ. ಇಂಡೆಕ್ಸ್ ಇಲ್ಲ. ಯಾವ ಸಮಯದ ಫ್ರೇಮ್ ಫೈಲಿನ ಯಾವ ಬೈಟ್‌ನಲ್ಲಿದೆ ಅನ್ನುವ ಪಟ್ಟಿ ಅದು. ಎವಿಐನಲ್ಲಿ ಅದನ್ನು ಕೊನೆಯಲ್ಲಿ ಬರೆಯುತ್ತಾರೆ. ಎಂಪಿ4ನಲ್ಲಿ ಮೂವ್ ಅನ್ನುವ ಭಾಗದಲ್ಲಿ, ಎಂಕೆವಿಯಲ್ಲಿ ಕ್ಯೂಸ್ ಅನ್ನುವ ಭಾಗದಲ್ಲಿ ಇರುತ್ತದೆ. ಡಿವಿಆರ್‌ಗಳು ಎಷ್ಟೋ ಸಲ ಬರೀ ವಿಡಿಯೋ ಹರಿವನ್ನು ಹಾಗೇ ಸುರಿದು ತಮ್ಮದೇ ಎಕ್ಸ್‌ಟೆನ್ಶನ್ ಹಾಕಿರುತ್ತವೆ.

ಬ್ಯಾಕಪ್ ಮಾಡುವಾಗ ಎಂಪಿ4 ಅಥವಾ ಎವಿಐ ಆಯ್ಕೆ ಇದೆಯಾ ನೋಡಿ. ಇಲ್ಲದಿದ್ದರೆ ಡಿವಿಆರ್ ಜೊತೆಗೇ ಬರುವ ಪ್ಲೇಯರ್‌ನಲ್ಲಿ ತೆರೆದು ಅಲ್ಲಿಂದ ಎಕ್ಸ್‌ಪೋರ್ಟ್ ಮಾಡಿ.

ಗುಬ್ಬಿ ಹುಡುಗ

ಇದನ್ನು ಓದಿದಾಗ ನೆನಪಾಯಿತು. ನನ್ನ ಹಳೇ ಕ್ಯಾಸೆಟ್‌ನ ಎರಡನೇ ಭಾಗ ಇಳಿಸುವಾಗ ಕರೆಂಟ್ ಹೋಗಿತ್ತು. ಆ ಎವಿಐ ತೆರೆದರೆ ಇಂಡೆಕ್ಸ್ ಇಲ್ಲ, ಸರಿ ಮಾಡಬೇಕಾ ಅಂತ ವಿಎಲ್‌ಸಿ ಪ್ರತಿ ಸಲ ಕೇಳುತ್ತದೆ.

ಬಂಗಾರಪೇಟೆ ಲಿನಕ್ಸ್

ಅದೇ. ಇಂಡೆಕ್ಸ್ ಕೊನೆಯಲ್ಲಿ ಬರೆಯಬೇಕಿತ್ತು, ಕೊನೆ ಬರುವ ಮೊದಲೇ ಕರೆಂಟ್ ಹೋಯಿತು. ವಿಎಲ್‌ಸಿ ಆಗ ಕಟ್ಟಿಕೊಡುವ ಇಂಡೆಕ್ಸ್ ಬರೀ ನೆನಪಿನಲ್ಲಿ ಇರುತ್ತದೆ, ಫೈಲಿಗೆ ಬರೆಯುವುದಿಲ್ಲ. ಹಾಗಾಗಿ ಮತ್ತೆ ಮತ್ತೆ ಕೇಳುತ್ತದೆ. ಎಂಕೆವಿಟೂಲ್‌ನಿಕ್ಸ್ ಅನ್ನುವ ಸಾಫ್ಟ್‌ವೇರ್‌ನಲ್ಲಿ ಆ ಫೈಲ್ ಹಾಕಿ ಎಂಕೆವಿ ಮಾಡಿ. ಎನ್‌ಕೋಡ್ ಆಗುವುದಿಲ್ಲ, ಗುಣಮಟ್ಟ ಹಾಗೇ ಇರುತ್ತದೆ, ಇಂಡೆಕ್ಸ್ ಹೊಸದಾಗಿ ಬರುತ್ತದೆ. ನಿಮಗೆ ಎಂಕೆವಿ ಮಾಡಿ ಅಂದವರ ಮಾತು ಈ ಫೈಲಿಗೆ ಸರಿ.

ಎಂಪಿ4 ಹೀಗೆ ಅರ್ಧಕ್ಕೆ ನಿಂತಿದ್ದರೆ ಮಾತ್ರ ಕಷ್ಟ. ಮೂವ್ ಇಲ್ಲದಿದ್ದರೆ ಫೈಲ್ ತೆರೆಯುವುದೇ ಇಲ್ಲ. ಅನ್‌ಟ್ರಂಕ್ ಅನ್ನುವ ಉಪಕರಣ ಅದೇ ಕ್ಯಾಮೆರಾದ ಇನ್ನೊಂದು ಒಳ್ಳೇ ಫೈಲ್ ನೋಡಿಕೊಂಡು ಕೆಲವು ಸಲ ಎಬ್ಬಿಸುತ್ತದೆ. ಒಬಿಎಸ್‌ನಲ್ಲಿ (ಕಂಪ್ಯೂಟರ್ ಪರದೆ ರೆಕಾರ್ಡ್ ಮಾಡುವ ಸಾಫ್ಟ್‌ವೇರ್) ರೆಕಾರ್ಡ್ ಮಾಡುವವರು ಎಂಕೆವಿಯಲ್ಲೇ ರೆಕಾರ್ಡ್ ಮಾಡಿ. ಆಮೇಲೆ ಅದರಲ್ಲೇ ಇರುವ ರೀಮಕ್ಸ್ ಒತ್ತಿ ಎಂಪಿ4 ಮಾಡಿಕೊಳ್ಳಬಹುದು. ನಮ್ಮ ಕಡೆ ಕರೆಂಟ್ ಕಥೆ ಗೊತ್ತಲ್ಲ.

ಗುಬ್ಬಿ ಹುಡುಗ

ಒಳ್ಳೇ ಸುದ್ದಿ. ಸ್ಟುಡಿಯೋದಲ್ಲಿ ಮೂಲ ಕ್ಲಿಪ್‌ಗಳು ಇವೆ! ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್ ತಗೊಂಡು ಹೋಗಿ ತಂದೆ. ಎಂಟಿಎಸ್ ಫೈಲ್‌ಗಳು, ತುಂಡು ತುಂಡಾಗಿವೆ, ಎಲ್ಲಾ ಸೇರಿ 50 ಜಿಬಿ ಮೇಲೆ. ಎಲ್ಲಿ ಎಳೆದರೂ ತಕ್ಷಣ ಬರುತ್ತದೆ. ನಾನು ಕಮಾಂಡ್ ಪ್ರಾಂಪ್ಟ್‌ನಲ್ಲಿ ಎಲ್ಲವನ್ನೂ ಒಂದೇ ಫೈಲಿಗೆ ಕಾಪಿ ಮಾಡಿ ಜೋಡಿಸಿದೆ. ಜೋಡಿಸಿದ್ದು ಓಡುತ್ತದೆ, ಆದರೆ ಈಗ ಬಾರ್ ಎಲ್ಲೆಲ್ಲಿಗೋ ಹಾರುತ್ತದೆ. ಒಟ್ಟು ಸಮಯ ಒಂದು ಗಂಟೆ ಅಂತ ತೋರಿಸುತ್ತದೆ.

ಹೊರಪೇಟೆ ಕ್ಯಾಮೆರಾ

ಹಾಗೆ ಜೋಡಿಸಬೇಡ ತಮ್ಮಾ. ಪ್ರತಿ ಫ್ರೇಮಿಗೂ ಒಂದು ಸಮಯದ ಗುರುತು ಇರುತ್ತದೆ. ಕ್ಯಾಮೆರಾ ನಿಲ್ಲಿಸಿ ಮತ್ತೆ ಶುರು ಮಾಡಿದಾಗ ಹೊಸ ಕ್ಲಿಪ್‌ನಲ್ಲಿ ಆ ಲೆಕ್ಕ ಮೊದಲಿಂದ ಬರಬಹುದು. ಬರೀ ಬೈಟ್ ಅಂಟಿಸಿದರೆ ಪ್ಲೇಯರ್‌ಗೆ ಸಮಯ ಹಿಂದಕ್ಕೆ ಓಡಿದ ಹಾಗೆ ಕಾಣುತ್ತದೆ. ಎಂಕೆವಿಟೂಲ್‌ನಿಕ್ಸ್‌ನಲ್ಲಿ ಮೊದಲ ಕ್ಲಿಪ್ ಹಾಕಿ, ಉಳಿದವನ್ನು 'ಅಪೆಂಡ್' ಮಾಡು. ಸಮಯ ಸರಿಯಾಗಿ ಮುಂದುವರಿಯುತ್ತದೆ, ಇಂಡೆಕ್ಸೂ ಸಿಗುತ್ತದೆ. ಹಾರ್ಡ್‌ಡಿಸ್ಕ್ ಆ 4 ಜಿಬಿ ಮಿತಿ ಇಲ್ಲದ ಎನ್‌ಟಿಎಫ್‌ಎಸ್ ಅಥವಾ ಎಕ್ಸ್‌ಫ್ಯಾಟ್ ಫಾರ್ಮ್ಯಾಟ್‌ನಲ್ಲಿ ಇರಲಿ.

ಇನ್ನೊಂದು ಮಾತು. ನಿನಗೆ ಬೇಕಿರುವುದು ಮಾವನ ಪದ್ಯಗಳು ತಾನೇ? ಅದೇ ಸಾಫ್ಟ್‌ವೇರ್‌ನಲ್ಲಿ ಚಾಪ್ಟರ್ ಎಡಿಟರ್ ಇದೆ. ಒಂದು ಸಲ ಕೂತು ದುರ್ಯೋಧನನ ಪ್ರವೇಶ, ಭೀಮನ ಜೊತೆ ವಾಗ್ವಾದ, ಗದಾಯುದ್ಧ ಅಂತ ಸಮಯ ಬರೆದು ಹೆಸರು ಕೊಡು. ವಿಎಲ್‌ಸಿಯ ಪ್ಲೇಬ್ಯಾಕ್ ಮೆನುವಿನಲ್ಲಿ ಚಾಪ್ಟರ್ ಪಟ್ಟಿ ಬರುತ್ತದೆ. ಬಾರ್ ಎಳೆಯುವ ಗೋಜೇ ಇಲ್ಲ. ಪಾರ್ಟು ಕಟ್ಟಿದವರೆಲ್ಲಾ ದುಡ್ಡು ಕೊಟ್ಟು ಆಡಿರುತ್ತಾರೆ, ಎಲ್ಲರಿಗೂ ಅವರವರ ಪದ್ಯವೇ ಬೇಕು. ನಿನ್ನ ಪಟ್ಟಿಗೆ ಊರಲ್ಲಿ ಡಿಮ್ಯಾಂಡ್ ಬರುತ್ತದೆ ನೋಡು.

ಚಿಂತಾಮಣಿ ಟೊಮ್ಯಾಟೊ

ಶಕುನಿ ಪಾರ್ಟು ಮಾಡಿದವರಿಗೂ ಒಂದು ಚಾಪ್ಟರ್ ಇಡಪ್ಪ. ಅವರನ್ನು ಯಾರೂ ಕೇಳುವುದೇ ಇಲ್ಲ.

ಗುಬ್ಬಿ ಹುಡುಗ

ಅಪೆಂಡ್ ಕೆಲಸ ಮಾಡಿತು ಅಕ್ಕಾ. ಪೂರ್ತಿ ಏಳು ಗಂಟೆ ತೋರಿಸುತ್ತದೆ, ಎಳೆದರೆ ತಕ್ಷಣ ಹೋಗುತ್ತದೆ. ಚಾಪ್ಟರ್ ಹಾಕಲು ಕೂತಿದ್ದೇನೆ, ಮಾವ ಪಕ್ಕದಲ್ಲೇ ಕೂತು 'ಇಲ್ಲೊಂದು ಹಾಕು, ಅಲ್ಲೊಂದು ಹಾಕು' ಅನ್ನುತ್ತಿದ್ದಾರೆ. ಶಕುನಿಗೂ ಒಂದು ಆಗಿದೆ.

ಹೊರಪೇಟೆ ಕ್ಯಾಮೆರಾ

ಲಿನಕ್ಸ್ ಸಾರ್, ನನಗೂ ಒಂದು ಹೇಳಿ. ನಾನು ಗಿರಾಕಿಗಳಿಗೆ ಕೊಡುವಾಗ ಏನು ಇಡಲಿ? ಹಳೇ ಟಿವಿಯಲ್ಲೂ ಓಡಬೇಕು.

ಬಂಗಾರಪೇಟೆ ಲಿನಕ್ಸ್

ಎಚ್264, 25 ಫ್ರೇಮಿಗೆ ಕೀಇಂಟ್ 50, ಓಪನ್ ಜಿಒಪಿ ಬೇಡ. ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಕೀಫ್ರೇಮ್ ಡಿಸ್ಟೆನ್ಸ್ ಅಂತ ಇರುತ್ತದೆ, ಅದೇ ಇದು. 4 ಜಿಬಿ ದಾಟಿದರೆ ಹಿಂಡುವ ಬದಲು ನಾಟಕದ ಅಂಕ ನೋಡಿ ಎರಡು ಮೂರು ಫೈಲ್ ಮಾಡಿ ಕೊಡಿ. ಫೋನ್‌ನಲ್ಲಿ ತೆಗೆದ ಕ್ಲಿಪ್ ಸೇರಿಸುವಾಗ ಫ್ರೇಮ್ ರೇಟ್ ಕಾನ್‌ಸ್ಟಂಟ್ ಮಾಡಿಕೊಳ್ಳಿ. ಫೋನ್‌ಗಳು ಬೆಳಕು ನೋಡಿಕೊಂಡು ಫ್ರೇಮ್ ರೇಟ್ ಏರುಪೇರು ಮಾಡುತ್ತವೆ. ಆಮೇಲೆ ತುಟಿ ಒಂದು ಕಡೆ, ದನಿ ಒಂದು ಕಡೆ.

ಶಿಡ್ಲಘಟ್ಟ ರೀಲಿಂಗ್

ಡಿವಿಆರ್‌ನ ಪ್ಲೇಯರ್‌ನಿಂದ ಎಂಪಿ4 ಮಾಡಿದೆ. ಈಗ ಎಳೆದರೆ ಹೋಗುತ್ತದೆ, ಆದರೆ ಗುಬ್ಬಿಯವರ ಹಾಗೆ ನಿಂತು ನಿಂತು ಬರುತ್ತದೆ. ಗೋಡೆ, ಮೂಟೆ, ಬಾಗಿಲು ಬಿಟ್ಟರೆ ಆ ಕ್ಯಾಮೆರಾದಲ್ಲಿ ಏನೂ ಕಾಣುವುದಿಲ್ಲ.

ಬಂಗಾರಪೇಟೆ ಲಿನಕ್ಸ್

ಈಗ ಕೀಫ್ರೇಮ್. ಕ್ಯಾಮೆರಾ ಮೆನುವಿನಲ್ಲಿ ಐ ಫ್ರೇಮ್ ಇಂಟರ್ವಲ್ ಅಂತ ಇರುತ್ತದೆ. 15 ಫ್ರೇಮ್ ರೆಕಾರ್ಡ್ ಆಗುತ್ತಿದ್ದರೆ 30 ಇಡಿ, ಎರಡು ಸೆಕೆಂಡಿಗೊಂದು ಆಯಿತು. ಸ್ಮಾರ್ಟ್ ಕೋಡೆಕ್ ಅಥವಾ ಅಂಥದ್ದೇ ಹೆಸರಿನ ಆಯ್ಕೆ ಆನ್ ಇದ್ದರೆ ಆಫ್ ಮಾಡಿ. ಏನೂ ಅಲ್ಲಾಡದ ಜಾಗದಲ್ಲಿ ಅದು ಕೀಫ್ರೇಮ್ ಅಂತರವನ್ನು ತಾನೇ ಹಿಗ್ಗಿಸುತ್ತದೆ. ಡಿಸ್ಕ್‌ನಲ್ಲಿ ಮೊದಲಿನಷ್ಟು ದಿನದ ರೆಕಾರ್ಡಿಂಗ್ ಉಳಿಯುವುದಿಲ್ಲ, ಅದನ್ನು ಲೆಕ್ಕ ಹಾಕಿಕೊಳ್ಳಿ. ಹಳೇ ರೆಕಾರ್ಡಿಂಗ್ ಇದರಿಂದ ಬದಲಾಗುವುದಿಲ್ಲ.

ಮೂಟೆ ವಿಷಯ ಪೊಲೀಸ್ ಸ್ಟೇಷನ್‌ವರೆಗೆ ಹೋಗುವ ಹಾಗಿದ್ದರೆ, ಡಿವಿಆರ್‌ನಿಂದ ಬಂದ ಮೊದಲ ಫೈಲನ್ನು ಮುಟ್ಟದೆ ಬೇರೆ ಕಡೆ ಇಡಿ. ಎಂಪಿ4 ನಿಮ್ಮ ನೋಡುವಿಕೆಗೆ ಮಾತ್ರ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಎಲೆಕ್ಟ್ರಾನಿಕ್ ದಾಖಲೆ ಜೊತೆ ಸರ್ಟಿಫಿಕೇಟ್ ಕೊಡಬೇಕು, ಅದರಲ್ಲಿ ಫೈಲಿನ ಹ್ಯಾಶ್ (ಫೈಲಿನ ಬೆರಳಚ್ಚಿನಂಥ ಸಂಕೇತ) ಬರೆಯಬೇಕು. ಫೈಲನ್ನು ಬದಲಾಯಿಸಿ ಉಳಿಸಿದರೆ ಹ್ಯಾಶ್ ಬೇರೆಯಾಗುತ್ತದೆ.

ಶಿಡ್ಲಘಟ್ಟ ರೀಲಿಂಗ್

ಸ್ಟೇಷನ್‌ವರೆಗೆ ಬೇಡ ಸಾರ್, ಮೂಟೆ ಪಕ್ಕದ ಶೆಡ್‌ನಲ್ಲೇ ಇಳಿಸಿದ್ದಾರೆ. ಆದರೂ ಮೂಲ ಫೈಲ್ ಬೇರೆ ಡಿಸ್ಕ್‌ಗೆ ಹಾಕಿಟ್ಟೆ. ಇಂಟರ್ವಲ್ 150 ಇತ್ತು, 30 ಮಾಡಿದ್ದೇನೆ.